ಅಹಮದಾಬಾದಿನ ಸಂಭ್ರಮ, ಸಿಂಧನೂರಿನ ನೀರು

(ಉಪನ್ಯಾಸದ ಪಠ್ಯ)



2025ರ ನವೆಂಬರ್ 26ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆಯು 2030ರ ಕ್ರೀಡಾಕೂಟವನ್ನು ನಡೆಸುವ ಹಕ್ಕನ್ನು ಅಹಮದಾಬಾದಿಗೆ ನೀಡಿತು. ಸ್ಪರ್ಧೆಯಲ್ಲಿದ್ದ ಇನ್ನೊಂದು ನಗರ ನೈಜೀರಿಯಾದ ಅಬುಜಾ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೊದಲುಗೊಂಡ ಈ ಕೂಟಕ್ಕೆ 2030 ನೂರನೆಯ ವರ್ಷವಾದ್ದರಿಂದ ಗೆಲುವಿಗೆ ಹೆಚ್ಚಿನ ಮೆರುಗು ಬಂದಿತು. ಘೋಷಣೆಯಾದ ಕ್ಷಣದಲ್ಲಿ ಸಭಾಂಗಣದಲ್ಲೇ ಡೋಲು ಮೊಳಗಿತು, ಗರ್ಬಾ ನೃತ್ಯ ನಡೆಯಿತು. ದೇಶದ ಪತ್ರಿಕೆಗಳು ಮರುದಿನ ಅದನ್ನು ಮುಖಪುಟದಲ್ಲಿ ಸಾರಿದವು. ಒಲಿಂಪಿಕ್ಸ್ ಕೂಡ ಬರಲಿದೆಯೆಂದು ಹಲವರು ಹಿಗ್ಗಿದರು. 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆಯನ್ನು ಭಾರತವು 2024ರ ಅಕ್ಟೋಬರ್‌ನಲ್ಲೇ ಪತ್ರಮುಖೇನ ತಿಳಿಸಿತ್ತು.

ಅದೇ ನವೆಂಬರ್ ತಿಂಗಳಿನಲ್ಲಿ ಕರ್ನಾಟಕದ ಇನ್ನೊಂದು ಮೂಲೆಯ ಜನ ಇನ್ನೊಂದು ತೀರ್ಮಾನವನ್ನು ಕೇಳಿದರು. ತುಂಗಭದ್ರಾ ಜಲಾಶಯದ ಅಚ್ಚುಕಟ್ಟಿಗೆ ಆ ಸಾಲಿನಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂಬುದೇ ಆ ತೀರ್ಮಾನ. ಅಣೆಕಟ್ಟಿನ ಹಳೆಯ ಕ್ರೆಸ್ಟ್ ಗೇಟುಗಳನ್ನು ಬದಲಿಸಬೇಕಾಗಿತ್ತು. ಅದಕ್ಕೆ ಜಲಾಶಯದ ಮಟ್ಟ ತಗ್ಗಬೇಕಾಗಿತ್ತು. ಸಿಂಧನೂರಿನ ರೈತನಿಗೆ ಗ್ಲಾಸ್ಗೋದಲ್ಲಿ ಬಾರಿಸಿದ ಡೋಲು ಕೇಳಿಸಲಿಲ್ಲವೆಂದರೆ ಅದಕ್ಕೆ ದೇಶಾಭಿಮಾನದ ಕೊರತೆ ಕಾರಣವಲ್ಲ. ಭತ್ತದ ಸಸಿಮಡಿ ಹಾಕುವ ಹೊತ್ತಿನಲ್ಲಿ ಅವನ ಕಿವಿ ಕಾಲುವೆಯ ಕಡೆಗಿತ್ತು.

ಮಲೆನಾಡಿನ ಸಭೆಯೊಂದರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪ್ರಸ್ತಾಪವೇಕೆ ಎಂದು ಯಾರಾದರೂ ಕೇಳಬಹುದು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯ ಮೂಲಕ ಹರಿದು ತಲುಪುವ ಊರು ಸಿಂಧನೂರು. ಮಲೆನಾಡಿನ ಮನೆಯ ಹಿಂದಿನ ಹಳ್ಳದ ನೀರು ಅಲ್ಲಿನ ಗದ್ದೆಯಲ್ಲಿ ಅಕ್ಕಿಯಾಗುತ್ತದೆ. ಆ ಸೀಮೆಯ ಜನರೂ ಇಲ್ಲಿಗೆ ಅಪರಿಚಿತರಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟ ರಾಯಚೂರು, ಕೊಪ್ಪಳ ಸೀಮೆಯ ಕುಟುಂಬಗಳು ಬೆಂಗಳೂರಿನ ಕಟ್ಟಡಗಳಿಗೆ ಹೋಗುವಂತೆಯೇ ಕಾಫಿ ಸೀಮೆಯ ತೋಟಗಳಿಗೂ ಬರುತ್ತವೆ.

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಆ ನಾಡನ್ನು ಹಿಂದೆ ಎಡೆದೊರೆ ನಾಡೆಂದು ಕರೆಯುತ್ತಿದ್ದರು. ಎರಡು ಮಹಾನದಿಗಳ ನಡುವೆ ಇದ್ದೂ ಅದರ ಬಹುಭಾಗ ಶತಮಾನಗಳ ಕಾಲ ಬರಗಾಲದ ನಾಡಾಗಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಮೇಲೆ ಸಿಂಧನೂರಿನ ಚಹರೆ ಬದಲಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆಸಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಅಲ್ಲಿಯೇ ನೆಲೆ ದೊರೆಯಿತು. ಇಂದು ಸಿಂಧನೂರಿನ ಸೋನಾ ಮಸೂರಿ ನಾಡಿನ ಬಹುಪಾಲು ಅಡುಗೆಮನೆಗಳಿಗೆ ಪರಿಚಿತ. ಲಿಂಗಸುಗೂರು ತಾಲ್ಲೂಕು ಕೃಷ್ಣೆಯ ಕಡೆಗೆ, ನಾರಾಯಣಪುರ ಬಲದಂಡೆ ಕಾಲುವೆಯ ಕಡೆಗೆ ಮುಖ ಮಾಡಿದೆ. ಮೊದಲು ಲಿಂಗಸುಗೂರಿಗೇ ಸೇರಿದ್ದು ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಮಸ್ಕಿಯಲ್ಲಿ ಒಂದಿಷ್ಟು ನೆಲಕ್ಕೆ ಕಾಲುವೆಯುಂಟು, ಉಳಿದ ಹಳ್ಳಿಗಳಿಗೆ ಆಕಾಶವೇ ಗತಿ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆ ಬೇಕೆಂದು ಆ ಹಳ್ಳಿಗಳ ರೈತರು 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ಆ ಕಾಲುವೆಯ ಮಾತು ಎಲ್ಲ ಪಕ್ಷಗಳ ಬಾಯಲ್ಲೂ ಇತ್ತು.

ನಗರವೊಂದು ಏನನ್ನೋ ‘ಗೆದ್ದಾಗ’ ಹಳ್ಳಿಯ ಜನರಿಗೆ ಏನೆನ್ನಿಸುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಹತ್ತಿರದ ಅನುಭವವೇ ಇದೆ. ರಾಯಚೂರಿನಲ್ಲಿ ಐಐಟಿ ಆಗಬೇಕೆಂಬ ಬೇಡಿಕೆ ಹಳೆಯದು. 2015ರಲ್ಲಿ ಅದು ಧಾರವಾಡಕ್ಕೆ ಹೋಯಿತು. ಧಾರವಾಡದಲ್ಲಿ ಸಿಹಿ ಹಂಚಿದರು, ರಾಯಚೂರಿನಲ್ಲಿ ಬಂದ್ ಮತ್ತು ಪ್ರತಿಭಟನೆಗಳು ನಡೆದವು. ಅನಂತರ ಏಮ್ಸ್ ಆಸ್ಪತ್ರೆಯ ಬೇಡಿಕೆ ಎದ್ದಿತು. 2022ರ ಮೇ ತಿಂಗಳಿನಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಐಐಟಿ, ಏಮ್ಸ್‌ಗಳಿಗಾಗಿ ಹೋರಾಡಿದ ಜನ ಕೇಳಿದ್ದು ಹಲವು ದಶಕ ನಿಲ್ಲುವ ಸಂಸ್ಥೆಯನ್ನು. ಕ್ರೀಡಾಕೂಟವೆಂಬುದು ಹತ್ತು ಹನ್ನೆರಡು ದಿನಗಳ ಜಾತ್ರೆ. ಅದರ ತೇರನ್ನು ಎಳೆಯುವುದಕ್ಕೆ ಆರೇಳು ವರ್ಷ ಬೇಕಾಗುತ್ತದೆ. ತೇರು ನಿಂತ ಮೇಲೆ ಅದನ್ನು ಕಾಯುವ ವೆಚ್ಚ ಬೇರೆ.

ದೆಹಲಿಯ ಕಥೆ ಎಲ್ಲರಿಗೂ ಅಲ್ಪಸ್ವಲ್ಪ ನೆನಪಿದೆ. 2003ರ ನವೆಂಬರ್‌ನಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ದೆಹಲಿಯು ಹ್ಯಾಮಿಲ್ಟನ್ ನಗರವನ್ನು 46-22 ಮತಗಳಿಂದ ಸೋಲಿಸಿ 2010ರ ಕೂಟವನ್ನು ಪಡೆಯಿತು. ಮತ ಚಲಾಯಿಸುವ 72 ಸದಸ್ಯ ತಂಡಗಳಿಗೆ ತಲಾ ಒಂದು ಲಕ್ಷ ಡಾಲರ್ ತರಬೇತಿ ನೆರವಿನ ವಾಗ್ದಾನವೂ ಅದರ ಹಿಂದೆ ಇತ್ತು. ಆಗಲೂ ಹರ್ಷವಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಮುಖ್ಯ ಕ್ರೀಡಾಂಗಣದ ಬಳಿ ಕಾಲುಸೇತುವೆ ಕುಸಿಯುವ ಹೊತ್ತಿಗೆ ಹರ್ಷ ನಾಚಿಕೆಯಾಗಿತ್ತು. ಕೂಟವೇನೋ ನಡೆಯಿತು, 38 ಚಿನ್ನ ಸೇರಿ 101 ಪದಕಗಳು ಬಂದವು. ಮಹಿಳೆಯರ ಬ್ಯಾಡ್ಮಿಂಟನ್ ಜೋಡಿಯಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ, 4x400 ಮೀಟರ್ ರಿಲೇಯಲ್ಲಿ ಸಿದ್ದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ ಚಿನ್ನ ತಂದಾಗ ಘಟ್ಟದ ಮೇಲೂ ಕೆಳಗೂ ಜನ ನಿಜವಾಗಿ ಸಂತೋಷಪಟ್ಟರು. ಆ ಸಂತೋಷವನ್ನು ಯಾರೂ ಹೀಗಳೆಯಬೇಕಾಗಿಲ್ಲ. ಆದರೆ 2011ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿಟ್ಟ ಮಹಾಲೇಖಪಾಲರ ವರದಿಯು ಒಟ್ಟು ವೆಚ್ಚವನ್ನು 18,532 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಕ್ರೀಡಾಗ್ರಾಮವು ಎದ್ದದ್ದು ಯಮುನೆಯ ದಂಡೆಯ ಮೇಲೆ. ಅದು ಪ್ರವಾಹದ ಬಯಲೋ ಅಲ್ಲವೋ ಎಂಬ ವಾದ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2009ರಲ್ಲಿ ಕಟ್ಟಡದ ಪರವಾಗಿ ತೀರ್ಪಾಯಿತು. ನದಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲ.

ಇದಕ್ಕಿಂತ ಹಳೆಯದೊಂದು ಪ್ರಕರಣವು ಗುಳೆ ಹೋಗುವ ಜನರಿಗೆ ಇನ್ನೂ ಹತ್ತಿರದ್ದು. ವಿದ್ಯಾರ್ಥಿಗಳು ಅದನ್ನು ತಿಳಿದಿರಲೇಬೇಕು. 1982ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಕ್ರೀಡಾಂಗಣ, ಮೇಲುಸೇತುವೆ, ಹೋಟೆಲುಗಳನ್ನು ಕಟ್ಟಲು ರಾಜಸ್ಥಾನ, ಉತ್ತರಪ್ರದೇಶ, ಒಡಿಶಾಗಳ ಹಳ್ಳಿಗರನ್ನು ಜಮಾದಾರರೆಂಬ ಮಧ್ಯವರ್ತಿಗಳು ಕರೆತಂದಿದ್ದರು. ಅಂದಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರ ಮುರಿದುಕೊಂಡು, ಕೂಲಿಯವನ ಕೈಗೆ 8 ರೂಪಾಯಿ 25 ಪೈಸೆ ಇಡುತ್ತಿದ್ದ. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯಾಗಿ ಸ್ವೀಕರಿಸಿತು. 1982ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ನೀಡಿದ ತೀರ್ಪಿನ ಸಾರ ಇಷ್ಟು: ಹಸಿವಿಗೆ ಅಂಜಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನ ದುಡಿಮೆಯು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆ. ಅಂದರೆ ಬಲವಂತಕ್ಕೆ ಚಾಟಿಯೇ ಬೇಕಿಲ್ಲ, ಬಡತನವೂ ಸಾಕು. ಇಂದು ದೇಶದ ಯಾವುದೇ ಕೂಲಿಕಾರನ ಪರವಾಗಿ ನ್ಯಾಯಾಲಯದಲ್ಲಿ ಈ ತೀರ್ಪನ್ನು ಎತ್ತಿಹಿಡಿಯಬಹುದು. ಒಂದು ಕ್ರೀಡಾಕೂಟ ನಾಡಿಗೆ ಬಿಟ್ಟುಹೋದ ಬೆಲೆಯುಳ್ಳ ಆಸ್ತಿ ಇದಾದರೆ, ಅದನ್ನು ಗಳಿಸಿಕೊಟ್ಟವರು ಆಟಗಾರರೂ ಅಲ್ಲ, ಆಯೋಜಕರೂ ಅಲ್ಲ. ಆದರೂ 2010ರ ಕೂಟದ ಹೊತ್ತಿಗೆ ಕೂಲಿಯ ಅದೇ ದೂರು ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಮತ್ತೆ ಬಂದಿತು.

‘ಅಹಮದಾಬಾದಿಗೆ ಏಕೆ, ಬೆಂಗಳೂರಿಗೇಕಿಲ್ಲ’ ಎಂಬ ಅಸಮಾಧಾನ ಕನ್ನಡಿಗರಲ್ಲಿ ಸಹಜವಾಗಿ ಮೂಡುವಂಥದು. ಬೆಂಗಳೂರಿಗೆ ಆ ಯೋಗ ಸಣ್ಣ ಪ್ರಮಾಣದಲ್ಲಿ ಬಂದದ್ದುಂಟು. 1997ರ ರಾಷ್ಟ್ರೀಯ ಕ್ರೀಡಾಕೂಟ ಅಲ್ಲಿ ನಡೆಯಿತು. ಕೋರಮಂಗಲದಲ್ಲಿ ಆಟಗಾರರಿಗಾಗಿ ಎದ್ದ ಕ್ರೀಡಾಗ್ರಾಮ ಅನಂತರ ವಸತಿ ಬಡಾವಣೆಯಾಯಿತು. ಆದರೆ ಬೆಂಗಳೂರಿನ ಆಟದ ಅಂಗಳಗಳ ಅಡಿಯನ್ನು ಸ್ವಲ್ಪ ಕೆದಕಿ ನೋಡಬೇಕು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಶೋಕನಗರದ ಫುಟ್‌ಬಾಲ್ ಮೈದಾನ ಶೂಲೆ ಕೆರೆ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆ. ಗಾಲ್ಫ್ ಆಡುವ ಹುಲ್ಲುಹಾಸು ಚಲ್ಲಘಟ್ಟ ಕೆರೆ. ಕೆರೆಗಳನ್ನು ಮುಚ್ಚಿದ ನಗರ ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತಂದು ಕುಡಿಯುತ್ತಿದೆ. ಅದೂ ಸಾಲದೆಂದು ಪಶ್ಚಿಮಘಟ್ಟದ ನದಿಗಳ ಮೇಲೆ ಕಣ್ಣಿಟ್ಟಿದೆ. ಅಹಮದಾಬಾದಿನ ಸಾಬರಮತಿಯ ದಂಡೆಯೂ ಇದೇ ಜಾತಿಯದು. ನಗರದೊಳಗೆ ತುಂಬಿ ತುಳುಕುವಂತೆ ಕಾಣುವ ಆ ನೀರು ಸಾಬರಮತಿಯದಲ್ಲ, ಕಾಲುವೆಯಲ್ಲಿ ಬಂದ ನರ್ಮದೆಯದು. ದಂಡೆಯನ್ನು ಅಂದಗೊಳಿಸುವಾಗ ಅಲ್ಲಿ ಬದುಕಿದ್ದ ಸಾವಿರಾರು ಕುಟುಂಬಗಳು ಊರಂಚಿಗೆ ಸರಿದವು.

ಗೆದ್ದ ಊರಿನವರೆಲ್ಲ ಕುಣಿಯಲೇಬೇಕೆಂಬ ನಿಯಮವೇನಿಲ್ಲ. ಬೆಟ್ಟದ ಜನರು ಕೇಳಿ ಇಷ್ಟಪಡಬಹುದಾದ ಪ್ರಸಂಗವೊಂದು ಅಮೆರಿಕದಲ್ಲಿ ನಡೆದಿದೆ. 1976ರ ಚಳಿಗಾಲದ ಒಲಿಂಪಿಕ್ಸ್ ನಡೆಸುವ ಹಕ್ಕು 1970ರಲ್ಲಿ ಕೊಲೊರಾಡೊ ರಾಜ್ಯದ ಡೆನ್ವರ್ ನಗರಕ್ಕೆ ದೊರೆಯಿತು. ವ್ಯಾಪಾರಿಗಳೂ ಅಧಿಕಾರಸ್ಥರೂ ಹಿಗ್ಗಿದರು. ಹಿಮದ ಜಾರುದಾರಿಗಳನ್ನು ಕಡಿಯಬೇಕಾದುದು ನಗರದಲ್ಲಲ್ಲ, ಎವರ್‌ಗ್ರೀನ್‌ನಂಥ ಬೆಟ್ಟದೂರುಗಳ ಪಕ್ಕದಲ್ಲಿ. ಅಲ್ಲಿನ ನಿವಾಸಿಗಳು ಕಾಡು, ಇಳಿಜಾರು, ನೀರು ಇವುಗಳ ಲೆಕ್ಕ ಕೇಳಿದರು. ತೆರಿಗೆದಾರರು ಹಣದ ಲೆಕ್ಕ ಕೇಳಿದರು. ರಾಜ್ಯ ಶಾಸಕ ರಿಚರ್ಡ್ ಲ್ಯಾಮ್ ಅವರೊಡನೆ ನಿಂತರು. 1972ರ ನವೆಂಬರ್‌ನಲ್ಲಿ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ನೂರಕ್ಕೆ ಸುಮಾರು ಅರವತ್ತು ಮಂದಿ ರಾಜ್ಯದ ಹಣ ಬೇಡವೆಂದರು. ಡೆನ್ವರ್ ಹಿಂದೆ ಸರಿಯಿತು, ಕೂಟ ಆಸ್ಟ್ರಿಯದ ಇನ್ಸ್‌ಬ್ರುಕ್‌ಗೆ ಹೋಯಿತು. ಎರಡು ವರ್ಷಗಳ ಬಳಿಕ ಅದೇ ಲ್ಯಾಮ್ ರಾಜ್ಯದ ಗವರ್ನರಾಗಿ ಆರಿಸಿಬಂದರು.

ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದ್ದು ಇನ್ನೂ ಈಚಿನ, ಸ್ವಲ್ಪ ತೊಡಕಿನ ಉದಾಹರಣೆ. 2026ರ ಕಾಮನ್‌ವೆಲ್ತ್ ಕೂಟವನ್ನು ರಾಜಧಾನಿಯಲ್ಲಿ ಮಾಡದೆ ಬೆಂಡಿಗೊ, ಬಲ್ಲರಟ್, ಜೀಲಾಂಗ್‌ನಂಥ ಸಣ್ಣ ಊರುಗಳಲ್ಲಿ ಹಂಚಿ ನಡೆಸುವುದೆಂದು ಅದು ಒಪ್ಪಿಕೊಂಡಿತ್ತು. 260 ಕೋಟಿ ಡಾಲರ್ ಎಂದಿದ್ದ ವೆಚ್ಚ 600-700 ಕೋಟಿಗೆ ಏರಬಹುದೆಂದು ಕಂಡಾಗ 2023ರ ಜುಲೈನಲ್ಲಿ ಒಪ್ಪಂದವನ್ನೇ ಕೈಬಿಟ್ಟಿತು. 38 ಕೋಟಿ ಡಾಲರ್ ದಂಡವನ್ನೂ ತೆತ್ತಿತು. ಒಬ್ಬರು ಬಿಟ್ಟದ್ದನ್ನು ಗ್ಲಾಸ್ಗೋ ನಗರ ಮೊಟಕುಗೊಳಿಸಿ ಎತ್ತಿಕೊಂಡಿತು. ಆ ಸಣ್ಣ ಊರುಗಳಲ್ಲಿ ಬೇಸರಪಟ್ಟವರು ಹಲವರು. ಕೂಟದ ಹೆಸರಿನಲ್ಲಾದರೂ ಮನೆ, ಮೈದಾನ ದೊರೆಯಬಹುದೆಂದು ನಂಬಿದ್ದವರು ಅವರು. ಕೂಟ ಬಿಟ್ಟರೂ ಆ ಊರುಗಳ ವಸತಿ ಮತ್ತು ಸೌಕರ್ಯಗಳಿಗೆ 200 ಕೋಟಿ ಡಾಲರ್ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಆದ್ದರಿಂದ ‘ಹಳ್ಳಿಯವರೆಲ್ಲ ಕ್ರೀಡಾಕೂಟದ ವಿರೋಧಿಗಳು’ ಎಂಬ ಸರಳ ಮಾತು ನಿಲ್ಲುವುದಿಲ್ಲ. ಮಸ್ಕಿಯಲ್ಲಿ ಒಂದು ಕೂಟ ನಡೆಯುತ್ತದೆಂದರೆ ಮಸ್ಕಿಯವರೂ ಕುಣಿದಾರು. ರಸ್ತೆಯೂ ಆಸ್ಪತ್ರೆಯೂ ಹಾಗಾದರೂ ಬಂದೀತೆಂಬ ಆಸೆಗೆ ನಗಬಾರದು.

ಆ ಆಸೆಗೆ ಕಾರಣವೊಂದಿದೆ. ಕ್ರೀಡಾಕೂಟಕ್ಕೆ ಒಂದು ತಾರೀಖು ಇರುತ್ತದೆ. ಇಂಥ ದಿನ ಪಂಜು ಹೊತ್ತಿಕೊಳ್ಳಬೇಕೆಂದು ನಿಗದಿಯಾದರೆ ಕಚೇರಿಗಳ ಕಡತಗಳಿಗೆ ಕಾಲು ಬರುತ್ತದೆ. ಅಣೆಕಟ್ಟಿನ ಗೇಟಿಗೆ ಅಂಥ ತಾರೀಖಿಲ್ಲ. ತುಂಗಭದ್ರೆಯ 33 ಗೇಟುಗಳಿಗೆ ಎಪ್ಪತ್ತು ವರ್ಷ ದಾಟಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಆ ಒಂದೇ ಬಾಗಿಲಲ್ಲಿ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದರು. ಅದು ಯಾವ ಪದಕಕ್ಕೂ ಕಡಿಮೆಯಲ್ಲದ ಸಾಹಸ. ಮುಂದಿನ ವರ್ಷ, 2025ರಲ್ಲಿ, ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಕೊನೆಗೆ ಎರಡನೇ ಬೆಳೆಯನ್ನೇ ಬಿಡಬೇಕಾಯಿತು. ಗೇಟು ಬದಲಿಸುವುದು ಅನಿವಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಮುರಿಯುವ ಮುನ್ನವೇ, ಒಂದೊಂದು ಬೇಸಿಗೆಗೆ ಕೆಲವನ್ನು, ಬದಲಿಸುತ್ತ ಬಂದಿದ್ದರೆ ಒಂದು ಇಡೀ ಬೆಳೆ ಹೋಗುತ್ತಿತ್ತೇ ಎಂಬುದು ಪ್ರಶ್ನೆ. ಎರಡನೇ ಬೆಳೆ ಹೋದಾಗ ಜಮೀನಿನ ಒಡೆಯನಿಗಿಂತ ಮೊದಲು ನೆಲ ಕಚ್ಚುವವರು ನಾಟಿ ಕಳೆಗಳ ಕೂಲಿಯನ್ನೇ ನಂಬಿದ ಹೆಂಗಸರು, ಗೇಣಿಗೆ ಹೊಲ ಮಾಡುವವರು. ಅವರು ಹತ್ತುವುದು ಬೆಂಗಳೂರಿನ ಬಸ್ಸನ್ನು.

ಸಿಂಧನೂರಿನ ಕಾಲುವೆಯೂ ನ್ಯಾಯದ ಮಾದರಿಯಲ್ಲ, ಅದನ್ನೂ ಹೇಳಿಬಿಡಬೇಕು. ಎಡದಂಡೆ ಯೋಜನೆಯ ಮೂಲ ಉದ್ದೇಶ ಜೋಳ, ಹತ್ತಿಗಳಂಥ ಅರೆನೀರಾವರಿ ಬೆಳೆಗಳಿಗೆ ಆಸರೆಯಾಗುವುದು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಮೇಲ್ಭಾಗದವರು ಭತ್ತವನ್ನೇ ಹಿಡಿದರು. ಅಲ್ಲಿ ನೆಲ ಜೌಗಾಗಿ ಸವುಳೇರಿತು, ಇತ್ತ ಮಾನ್ವಿ, ಸಿರವಾರಗಳ ಕಡೆಯ ಕೊನೆಭಾಗದ ಹೊಲಕ್ಕೆ ನೀರು ತಲುಪದೆ ಪ್ರತಿವರ್ಷ ರಸ್ತೆತಡೆ. ನಗರ ಹಳ್ಳಿಗೆ ಮಾಡುವುದನ್ನೇ ಕಾಲುವೆಯ ತಲೆ ಅದರ ಬಾಲಕ್ಕೆ ಮಾಡುತ್ತಿದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ಆ ತಾಲ್ಲೂಕಿನ ಹುಡುಗ ಹುಡುಗಿಯರು ಚಿನ್ನದ ಪದಕದವರೆಗೆ ಓಡಬೇಕಾದರೆ ಬೇಕಾದುದು ಊರಿನ ಶಾಲೆಗೊಂದು ಸಮತಟ್ಟಾದ ಬಯಲು, ಒಬ್ಬ ದೈಹಿಕ ಶಿಕ್ಷಕ, ಹೊಟ್ಟೆಗೆ ಮೊಟ್ಟೆ ಬೇಳೆ. ಆಟದ ಹುಮ್ಮಸ್ಸು ಆ ನಾಡಿಗೆ ಹೊಸದಲ್ಲ: ಗರಡಿಮನೆ, ಕುಸ್ತಿ, ಕಾರಹುಣ್ಣಿಮೆಯ ಹೊತ್ತಿಗೆ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ. ಕುಂದಾಪುರ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿಯವರು ಭಾರ ಎತ್ತುವುದರಲ್ಲಿ 2018ರಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ತಂದದ್ದು ಹಳ್ಳಿಗೂ ಪದಕಕ್ಕೂ ಇರುವ ದಾರಿ ಮುಚ್ಚಿಲ್ಲವೆಂಬುದಕ್ಕೆ ಸಾಕ್ಷಿ.

ಮಸ್ಕಿಯ ಬಂಡೆಯ ಮಾತನ್ನು ಆಡದೆ ಆ ಊರಿನ ಹೆಸರು ಎತ್ತುವುದು ಸರಿಯಲ್ಲ. ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರು 1915ರಲ್ಲಿ ಅಲ್ಲಿ ಕಂಡ ಶಾಸನದಿಂದಲೇ, ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೇ ಎಂದು ಖಚಿತವಾಯಿತು. ಅದೇ ಅಶೋಕ ಗುಜರಾತಿನ ಗಿರ್ನಾರ್ ಬಂಡೆಯ ಮೊದಲ ಶಾಸನದಲ್ಲಿ ‘ಸಮಾಜ’ಗಳ ಬಗ್ಗೆ, ಎಂದರೆ ಅಂದಿನ ಜನಜಂಗುಳಿಯ ಮೇಳ ಉತ್ಸವಗಳ ಬಗ್ಗೆ, ಅಭಿಪ್ರಾಯ ಕೆತ್ತಿಸಿದ್ದಾನೆ. ಅವುಗಳಲ್ಲಿ ತನಗೆ ಬಹಳ ದೋಷ ಕಾಣುತ್ತದೆ ಎಂದವನು, ಕೆಲವು ಒಳ್ಳೆಯವೂ ಇವೆ ಎಂದು ಕೂಡಲೇ ಸೇರಿಸುತ್ತಾನೆ. ಎರಡು ಸಾವಿರ ವರ್ಷಗಳ ಹಿಂದೆ ಅರಸನಿಗಿದ್ದ ಈ ವಿವೇಚನೆ 2030ಕ್ಕೆ ಹೊರಟವರಿಗೂ ಇದ್ದರೆ ಸಾಕಾಗಿತ್ತು.

ಇನ್ನು ಮಲೆನಾಡಿನ ಪಾಲಿನದು. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ; ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105.8 ಟಿಎಂಸಿ. ನಷ್ಟವಾದ 27 ಟಿಎಂಸಿಯಲ್ಲಿ ಗಣಿಗಳ ಮಣ್ಣೂ ಇದೆ, ಬಯಲಿನ ಹೊಲಗಳದ್ದೂ ಇದೆ, ಘಟ್ಟದ ಇಳಿಜಾರಿನಲ್ಲಿ ಬೋಳಾದ ಸೊಪ್ಪಿನ ಬೆಟ್ಟಗಳದ್ದೂ ಹೊಸ ರಸ್ತೆಗಳ ಅಗೆತದ್ದೂ ಇದೆ. ಗೇಟನ್ನು ಬದಲಿಸಬಹುದು, ಹೂಳನ್ನು ಹೊರತೆಗೆಯುವ ಸುಲಭೋಪಾಯ ಯಾರ ಬಳಿಯೂ ಇಲ್ಲ. ವಿದ್ಯಾರ್ಥಿಗಳು ಬರುವ ಜೂನ್‌ನಲ್ಲಿ ಮಾಡಬಹುದಾದ ಸಣ್ಣ ಕೆಲಸವಿದೆ. ಮೊದಲ ಜೋರುಮಳೆಯ ದಿನ ಕಾಡಿನೊಳಗಿನಿಂದ ಬರುವ ಹಳ್ಳದಿಂದ ಒಂದು ಲೀಟರ್, ಅಗೆದ ರಸ್ತೆಯ ಬದಿಯ ಹಳ್ಳದಿಂದ ಒಂದು ಲೀಟರ್ ನೀರನ್ನು ಬಣ್ಣವಿಲ್ಲದ ಬಾಟಲಿಗಳಲ್ಲಿ ಹಿಡಿದು, ದಿನಾಂಕ, ಜಾಗ ಬರೆದು ಎರಡು ದಿನ ಅಲುಗಿಸದೆ ಇಡಬೇಕು. ಮೇಲಿನ ತಿಳಿನೀರನ್ನು ಬಸಿದು, ತಳದ ಮಣ್ಣನ್ನು ಒಣಗಿಸಿ ಶಾಲೆಯ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಮೂರು ಮಳೆಗಾಲಗಳ ಅಂಥ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬಹುದು. ಅದರ ಒಂದು ಪ್ರತಿಯನ್ನು ಸಿಂಧನೂರಿನ ಕಾಲೇಜುಗಳ ಹುಡುಗರಿಗೂ ಕಳುಹಿಸಬಹುದು. ಅಲ್ಲಿಂದ ಅವರು ತಮ್ಮ ಕಾಲುವೆಯ ಕೊನೆಭಾಗಕ್ಕೆ ನೀರು ಎಷ್ಟು ದಿನ ಬಂದಿತೆಂಬ ಲೆಕ್ಕವನ್ನು ಕಳುಹಿಸಲಿ.